ಹಳೆಯ ಸಾಫ್ಟ್ ಟಾಪ್ ಜಿಪ್ಸಿಯನ್ನು ಮನೆಯ ಗಾಡಿಯಾಗಿಸಿಕೊಂಡ ಎರಡು ವರ್ಷ

ನಾವು ಕೊಂಡದ್ದು ಮಾರುತಿ ಕಂಪನಿಯ ಜೀಪಿನಂಥ ಗಾಡಿ, 2009ರ ಜಿಪ್ಸಿ ಕಿಂಗ್, ಅದರಲ್ಲೂ ಸಾಫ್ಟ್ ಟಾಪ್, ಅಂದರೆ ಮೇಲೆ ಬಟ್ಟೆಯ ಹುಡ್ ಇರುವ ಮಾದರಿ. ಹಿಂದಿನ ಮಾಲೀಕರು ಅದನ್ನು ಗುಡ್ಡಗಾಡಿನ ಓಡಾಟಕ್ಕೆಂದೇ ಇಟ್ಟುಕೊಂಡಿದ್ದರು. ದಪ್ಪ ಟೈರು, ಎತ್ತರಿಸಿದ ಸ್ಪ್ರಿಂಗು, ಮುಂದೆ ಭಾರವಾದ ಕಬ್ಬಿಣದ ಬಂಪರು, ಮೇಲೆ ನಾಲ್ಕಾರು ಕಡೆ ತೇಪೆ ಹಾಕಿದ ಹುಡ್ಡು, ಇಷ್ಟೆಲ್ಲ ಹೊತ್ತುಕೊಂಡೇ ಅದು ನಮ್ಮ ಮನೆಗೆ ಬಂತು. ನಮಗೆ ಬೇಕಾಗಿದ್ದದ್ದು ಇಬ್ಬರು ಮಕ್ಕಳನ್ನು ಶಾಲೆಗೆ ಬಿಡುವ, ಸಾಮಾನು ತರುವ, ರಜೆಯಲ್ಲಿ ನಾಲ್ವರೂ ಕೂತು ದೂರ ಹೋಗಬಲ್ಲ ಒಂದು ಗಾಡಿ. ಎರಡು ವರ್ಷ ಇದನ್ನು ದಿನವೂ ಓಡಿಸಿದ ಮೇಲೆ ನಾನು ಖಚಿತವಾಗಿ ಹೇಳಬಲ್ಲೆ: ಬಳಸಿದ ಜಿಪ್ಸಿಯನ್ನು ಮನೆಯ ಗಾಡಿ ಮಾಡಿಕೊಳ್ಳುವ ಕೆಲಸದಲ್ಲಿ ಹೊಸದಾಗಿ ಸೇರಿಸುವುದು ಸ್ವಲ್ಪ, ಹಿಂದಿನವರು ಸೇರಿಸಿದ್ದನ್ನು ಬಿಚ್ಚಿ ತೆಗೆಯುವುದೇ ಹೆಚ್ಚು.

ಈ ಗಾಡಿಯ ಹಿನ್ನೆಲೆಯನ್ನು ತಿಳಿದುಕೊಂಡರೆ ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದೂ ತಿಳಿಯುತ್ತದೆ. ಸುಜುಕಿಯ ಎಸ್‌ಜೆ 410 ಮಾದರಿಯ ಆಧಾರದ ಮೇಲೆ ಜಿಪ್ಸಿ ನಮ್ಮ ದೇಶದಲ್ಲಿ 1985ರಲ್ಲಿ ಬಂತು. ಆಗ ಅದರಲ್ಲಿದ್ದದ್ದು 970 ಸಿಸಿಯ ಕಾರ್ಬ್ಯುರೇಟರ್ ಎಂಜಿನ್. 1996ರಲ್ಲಿ 1298 ಸಿಸಿ ಎಂಜಿನ್ನಿನ ಕಿಂಗ್ ಬಂತು, ಆಮೇಲೆ 2000ದ ಸುಮಾರಿಗೆ ಅದೇ ಗಾತ್ರದಲ್ಲಿ 16 ವಾಲ್ವುಗಳ, ಎಂಪಿಎಫ್‌ಐ (ಕಾರ್ಬ್ಯುರೇಟರಿನ ಬದಲು ಪೆಟ್ರೋಲನ್ನು ಚಿಮ್ಮಿಸುವ ವ್ಯವಸ್ಥೆ) ಇರುವ, 80 ಅಶ್ವಶಕ್ತಿಯ ಎಂಜಿನ್ ಬಂತು. ದಿನಬಳಕೆಗೆ ಕೊಳ್ಳುವವರು ಈ ಕೊನೆಯ ಎಂಜಿನ್ ಇರುವ ಗಾಡಿಯನ್ನೇ ಹುಡುಕಬೇಕೆಂಬುದು ನನ್ನ ಸಲಹೆ, ಏಕೆಂದರೆ ಚಳಿಯ ಬೆಳಗ್ಗೆ ಚೋಕ್ ಎಳೆದು ಕಾಯುವ ಕಷ್ಟ ಇದರಲ್ಲಿಲ್ಲ. ಉಳಿದದ್ದೆಲ್ಲ ಹಳೆಯ ಕಾಲದ ಗಟ್ಟಿ ರಚನೆ: ಏಣಿಯಂಥ ಚಾಸಿ, ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್, ನಾಲ್ಕೂ ಚಕ್ರಕ್ಕೆ ಉಕ್ಕಿನ ಪ್ಲೇಟುಗಳನ್ನು ಜೋಡಿಸಿದ ಲೀಫ್ ಸ್ಪ್ರಿಂಗ್, ಪವರ್ ಇಲ್ಲದ ಸ್ಟೀರಿಂಗ್. ಸಾಫ್ಟ್ ಟಾಪ್ ಮಾದರಿಯ ತೂಕ ಸಾವಿರ ಕಿಲೋದ ಆಸುಪಾಸು ಮಾತ್ರ. ಆ ಹಗುರತನವೇ ಇದರ ದೊಡ್ಡ ಗುಣ, ಮತ್ತು ಮಾರ್ಪಾಡು ಮಾಡುವವರು ಮೊದಲು ಹಾಳುಮಾಡುವುದೂ ಅದನ್ನೇ.

ಗಾಡಿ ಬಂದ ವಾರವೇ ಹುಡ್ಡಿಗೆ ಕೈ ಹಾಕುವ ಆಸೆ ನನಗಿತ್ತು. ಆ ಆಸೆಯನ್ನು ತಡೆದು ಮೊದಲು ಕೆಳಭಾಗವನ್ನು ನೋಡಿಸಿದ್ದು ಒಳ್ಳೆಯದಾಯಿತು. ಬಟ್ಟೆಯ ಹುಡ್ಡಿನ ಗಾಡಿಯಲ್ಲಿ ನೀರು ಮೇಲಿನಿಂದ ಒಳಗೆ ಬಂದು, ಮ್ಯಾಟಿನ ಅಡಿಯಲ್ಲಿ ನಿಂತು, ಅಲ್ಲಿಂದ ತಗಡನ್ನು ತಿನ್ನುತ್ತಾ ಕೆಳಗಿಳಿಯುತ್ತದೆ. ಆದ್ದರಿಂದ ಹೊರಗಿನ ಬಣ್ಣ ಎಷ್ಟೇ ಹೊಳೆಯುತ್ತಿದ್ದರೂ ಅದನ್ನು ನಂಬುವಂತಿಲ್ಲ. ನಮ್ಮ ಗಾಡಿಯಲ್ಲಿ ಚಾಲಕರ ಕಾಲಿನ ಅಡಿಯ ತಗಡು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಮಂಕಾಗಿ ಸದ್ದು ಮಾಡುತ್ತಿತ್ತು, ಹಿಂದಿನ ಚಕ್ರದ ಗೂಡಿನ ಒಳಮಗ್ಗುಲು ಪದರಪದರವಾಗಿ ಎದ್ದಿತ್ತು, ಬಾಡಿಯನ್ನು ಚಾಸಿಯ ಮೇಲೆ ಕೂರಿಸುವ ಎರಡು ರಬ್ಬರುಗಳು ಪುಡಿಯಾಗಿದ್ದವು. ಚಾಸಿ ಮಾತ್ರ ಗಟ್ಟಿಯಾಗಿತ್ತು. ಚಾಸಿಯೇ ತೂತು ಬಿದ್ದಿದ್ದರೆ ನಾವು ಆ ಗಾಡಿಯನ್ನು ಇಟ್ಟುಕೊಳ್ಳುತ್ತಿರಲಿಲ್ಲ, ನೀವೂ ಇಟ್ಟುಕೊಳ್ಳಬೇಡಿ. ತುಕ್ಕು ಹಿಡಿದ ತಗಡಿನ ಮೇಲೆ ಪುಟ್ಟಿ ಮೆತ್ತಿ ಮುಚ್ಚಲು ಮೊದಲು ನೋಡಿದ ಟಿಂಕರಿಂಗ್‌ನವರು ಸಿದ್ಧರಾಗಿದ್ದರು. ನಾವು ಒಪ್ಪದೆ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸುಗೆ ಹಾಕುವವರನ್ನು ಹುಡುಕಿದೆವು. ಬೆಸುಗೆಯ ಮೇಲೆ ಪ್ರೈಮರ್, ಅದರ ಮೇಲೆ ಸೀಲರ್, ಟೊಳ್ಳು ಭಾಗಗಳ ಒಳಗೆ ಮೇಣದಂಥ ತುಕ್ಕುನಿರೋಧಕ, ಕೊನೆಗೆ ನೆಲದ ನೀರುತೂತುಗಳನ್ನು ಬಿಡಿಸುವುದು. ಈ ಕೊನೆಯ ಕೆಲಸಕ್ಕೆ ಹತ್ತು ನಿಮಿಷ ಸಾಕು, ಆದರೆ ಅದನ್ನು ಮಾಡದೆ ಬಿಟ್ಟರೆ ಉಳಿದದ್ದೆಲ್ಲ ಕೆಲವೇ ಮಳೆಗಾಲಗಳಲ್ಲಿ ವ್ಯರ್ಥವಾಗುತ್ತದೆ.

ಆಮೇಲಿನ ಸರದಿ ಟೈರು ಮತ್ತು ಸ್ಪ್ರಿಂಗಿನದು. ಜಿಪ್ಸಿ ಕಿಂಗ್‌ಗೆ ಕಂಪನಿ ಕೊಡುತ್ತಿದ್ದ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ.; ನಮ್ಮದಕ್ಕೆ ಹಾಕಿದ್ದ 235/75 ಆರ್ 15ರ ವ್ಯಾಸ ಸುಮಾರು 733 ಮಿ.ಮೀ. ಅಂದರೆ ಹತ್ತಿರ ಹತ್ತಿರ ನೂರಕ್ಕೆ ಹತ್ತರಷ್ಟು ಹೆಚ್ಚು. ಇದರಿಂದ ಮೀಟರಿನಲ್ಲಿ 60 ಎಂದು ಕಾಣುವಾಗ ಗಾಡಿ ನಿಜಕ್ಕೂ 66ರಲ್ಲಿ ಓಡುತ್ತಿರುತ್ತದೆ, ಪ್ರತಿ ಗೇರೂ ಉದ್ದವಾದಂತಾಗಿ ಎಂಜಿನ್ ಏದುಸಿರು ಬಿಡುತ್ತದೆ, ಬ್ರೇಕು ಹೆಚ್ಚು ತ್ರಾಸ ಪಡುತ್ತದೆ, ಪವರ್ ಇಲ್ಲದ ಸ್ಟೀರಿಂಗ್ ನಿಂತಲ್ಲಿ ತಿರುಗಿಸಲು ಭುಜದ ಬಲವೇ ಬೇಕಾಗುತ್ತದೆ. ಹಳೆಯ ಅಳತೆಗೆ ಮರಳಿದ ದಿನವೇ ಇದು ಬೇರೆ ಗಾಡಿಯೇನೋ ಎನ್ನಿಸಿತು. ಸ್ಪ್ರಿಂಗುಗಳಿಂದ ಹಿಂದಿನವರು ಸೇರಿಸಿದ್ದ ಹೆಚ್ಚುವರಿ ಪ್ಲೇಟನ್ನು ತೆಗೆಸಿ, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಉದ್ದನೆಯ ಶ್ಯಾಕಲ್‌ಗಳ ಜಾಗದಲ್ಲಿ ಮೂಲ ಅಳತೆಯವನ್ನು ಹಾಕಿಸಿ, ಬುಷ್‌ಗಳನ್ನೂ ಶಾಕ್ ಅಬ್ಸಾರ್ಬರ್‌ಗಳನ್ನೂ ಬದಲಿಸಿದೆವು. ಲೀಫ್ ಸ್ಪ್ರಿಂಗಿನ ಗಾಡಿ ಎಂದೂ ಕಾರಿನಷ್ಟು ಮೆತ್ತಗೆ ಹೋಗದು. ಆದರೆ ಮುಂಚೆ ರಸ್ತೆಯುಬ್ಬಿನ ಮೇಲೆ ಮಕ್ಕಳು ಸೀಟಿನಿಂದ ಮೇಲಕ್ಕೆ ಎಗರುತ್ತಿದ್ದರು, ಈಗ ಹಾಗಾಗುವುದಿಲ್ಲ. ಎತ್ತರ ಇಳಿದದ್ದರಿಂದ ಹತ್ತುವುದು ಸುಲಭವಾಯಿತು, ತಿರುವಿನಲ್ಲಿ ಓಲಾಟವೂ ತಗ್ಗಿತು. ಅಗಲ ಕಡಿಮೆ, ಎತ್ತರ ಹೆಚ್ಚಿರುವ ಇಂಥ ಗಾಡಿಯಲ್ಲಿ ಆ ಎರಡನೆಯದು ಅನುಕೂಲದ ಮಾತಲ್ಲ, ಸುರಕ್ಷತೆಯ ಮಾತು.

ಸ್ಟೀರಿಂಗಿನ ನಡುಕವನ್ನು ಎಷ್ಟೋ ಜನ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ಕೈಬಿಡುತ್ತಾರೆ. ನಮ್ಮ ಗಾಡಿ ಸುಮಾರು 60ರ ವೇಗದಲ್ಲಿ ಒಂದು ಗುಂಡಿ ದಾಟಿದರೆ ಸ್ಟೀರಿಂಗ್ ಕೈಯಲ್ಲಿ ಅದುರಲು ಶುರುಮಾಡಿ, ವೇಗ ಇಳಿಸುವವರೆಗೂ ನಿಲ್ಲುತ್ತಿರಲಿಲ್ಲ. ಕಾರಣ ಸಿಕ್ಕಿದ್ದು ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗುವ ಜಾಗದ ಸವೆದ ಕಿಂಗ್‌ಪಿನ್ ಬೇರಿಂಗುಗಳಲ್ಲಿ ಮತ್ತು ನಡುಕವನ್ನು ಹೀರಿಕೊಳ್ಳಬೇಕಾದ, ಆದರೆ ಸತ್ತುಹೋಗಿದ್ದ ಸ್ಟೀರಿಂಗ್ ಡ್ಯಾಂಪರಿನಲ್ಲಿ. ಡ್ಯಾಂಪರನ್ನಷ್ಟೇ ಬದಲಿಸಿದರೆ ನಡುಕ ಕೆಲವು ತಿಂಗಳು ಅಡಗಿರುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ. ಬೇರಿಂಗು, ಟೈ ರಾಡ್ ತುದಿಗಳು, ಚಕ್ರದ ಬೇರಿಂಗು ಎಲ್ಲವನ್ನೂ ನೋಡಿಸಿದ ಮೇಲೆಯೇ ಡ್ಯಾಂಪರಿಗೆ ಬರಬೇಕು. ಇದರ ಜೊತೆಗೆ ಇನ್ನೊಂದು ಮಾತು: ಜಿಪ್ಸಿಯಲ್ಲಿ ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸು ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ, ಪ್ರತ್ಯೇಕವಾಗಿ ರಬ್ಬರ್ ಮೌಂಟುಗಳ ಮೇಲೆ ನೇತಾಡುತ್ತದೆ, ನಡುವೆ ಒಂದು ಗಿಡ್ಡ ಶಾಫ್ಟು ಇರುತ್ತದೆ. ಆ ಮೌಂಟುಗಳು ಸೀಳಿದ್ದರೆ ಇಡೀ ನೆಲ ಗುಂಯ್‌ಗುಡುತ್ತದೆ. ಎಂಜಿನ್ನೇ ಹಾಳಾಗಿದೆ ಎಂದು ಹೆದರಿದ್ದ ನಮಗೆ ಆ ರಬ್ಬರುಗಳು ಬದಲಾದ ಮೇಲೆ ಬಹಳ ಸಮಾಧಾನವಾಯಿತು. ಬ್ರೇಕಿನ ಹೋಸುಗಳು, ದ್ರವ, ಹಿಂದಿನ ಡ್ರಮ್ಮಿನ ಸಿಲಿಂಡರುಗಳು, ಚರಿತ್ರೆ ಗೊತ್ತಿಲ್ಲದ ಟೈಮಿಂಗ್ ಬೆಲ್ಟು ಇವನ್ನು ಚರ್ಚೆಯಿಲ್ಲದೆ ಹೊಸದಾಗಿಸಿದೆವು.

ಈಗ ಸೀಟಿನ ವಿಷಯ. ಇದರ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ಜಿಪ್ಸಿಯ ಹಿಂಭಾಗದಲ್ಲಿ ಎದುರುಬದುರಾಗಿ ಕೂರುವ ಎರಡು ಉದ್ದ ಬೆಂಚುಗಳಿರುತ್ತವೆ, ಕಾಗದದ ಮೇಲೆ ಗಾಡಿಗೆ ಎಂಟು ಆಸನ. ಮಕ್ಕಳಿಗೆ ಆ ಬೆಂಚು ಬಹಳ ಇಷ್ಟ. ಆದರೆ ಗಾಡಿ ತಟ್ಟನೆ ನಿಂತಾಗ ಅಡ್ಡಲಾಗಿ ಕೂತವರ ದೇಹ ಮುಂದಕ್ಕಲ್ಲ, ಪಕ್ಕಕ್ಕೆ ಎಸೆಯಲ್ಪಡುತ್ತದೆ. ಕುತ್ತಿಗೆಗೆ ಆಸರೆಯಿಲ್ಲ, ಮಕ್ಕಳ ಸೀಟನ್ನು ಅಲ್ಲಿ ಕಟ್ಟುವಂತಿಲ್ಲ, ಮೇಲೆ ಇರುವುದು ಬಟ್ಟೆ. ದಿನವೂ ಮಕ್ಕಳನ್ನು ಕೂರಿಸುವ ಗಾಡಿಯಲ್ಲಿ ಆ ಬೆಂಚನ್ನು ಬಳಸಲೇಬಾರದು. ನಾವು ಅವನ್ನು ತೆಗೆಸಿ, ಮುಂದಕ್ಕೆ ಮುಖವಿರುವ, ತಲೆಗೆ ಆಸರೆಯಿರುವ ಎರಡು ಸೀಟುಗಳನ್ನು ಕೂರಿಸಿದೆವು. ಸೊಂಟದ ಬೆಲ್ಟು ಒಂದೇ ಆದರೆ ಮಕ್ಕಳ ಹೊಟ್ಟೆಯ ಮೇಲೆ ಒತ್ತಡ ಬೀಳುತ್ತದೆ, ತಲೆ ಮುಂದಕ್ಕೆ ಬಾಗಿ ಬಡಿಯುತ್ತದೆ. ಭುಜದ ಮೇಲೂ ಹಾಯುವ ಬೆಲ್ಟು ಬೇಕು. ಸಾಫ್ಟ್ ಟಾಪಿನಲ್ಲಿ ಹಿಂದೆ ಆ ಎತ್ತರಕ್ಕೆ ಬೆಲ್ಟನ್ನು ಬಿಗಿಯಲು ಕಂಬವೇ ಇಲ್ಲದ ಕಾರಣ ಉಕ್ಕಿನ ಕಮಾನೊಂದನ್ನು ಹಾಕಿಸಬೇಕಾಯಿತು. ತೆಳು ತಗಡಿಗೆ ಬೋಲ್ಟು ಬಿಗಿದರೆ ಅಪಘಾತದಲ್ಲಿ ಅದು ತಗಡನ್ನೇ ಸೀಳಿಕೊಂಡು ಬರುತ್ತದೆ, ಆದ್ದರಿಂದ ನೆಲದ ಅಡಿಯಲ್ಲಿ ದಪ್ಪ ಉಕ್ಕಿನ ಪಟ್ಟಿಗಳನ್ನು ಕೊಟ್ಟು, ಚಾಸಿಯ ಆಸರೆಯಿರುವ ಕಡೆಯೇ ಬೋಲ್ಟುಗಳನ್ನು ಇಳಿಸಲಾಯಿತು. ತಲೆ ತಗಲಬಹುದಾದ ಕಮಾನಿನ ಭಾಗಕ್ಕೆ ಗಟ್ಟಿಯಾದ ಫೋಮ್ ಸುತ್ತಿಸಿದೆವು. ಈ ಕೆಲಸದಲ್ಲಿ ನಾವು ಉಳಿತಾಯದ ಮಾತೇ ಆಡಲಿಲ್ಲ.

ಕಾನೂನಿನ ಕಡೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವುದನ್ನು ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಆದ್ದರಿಂದ ಸೀಟಿನ ಕೆಲಸಕ್ಕೆ ಮುನ್ನ ನೋಂದಣಿ ಕಚೇರಿಗೆ ಅರ್ಜಿ ಕೊಟ್ಟು, ಲಿಖಿತ ಒಪ್ಪಿಗೆ ಬಂದ ಮೇಲೆಯೇ ಮುಂದುವರಿದೆವು, ವಿಮೆಯವರಿಗೂ ತಿಳಿಸಿದೆವು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುವುದರಿಂದ ನಮ್ಮ ಗಾಡಿಗೆ 2024ರಲ್ಲಿ ತಪಾಸಣೆಯಾಗಿ ಮುಂದಿನ ಐದು ವರ್ಷಕ್ಕೆ ನವೀಕರಣವಾಯಿತು. ದಪ್ಪ ಟೈರು, ಕಬ್ಬಿಣದ ಬಂಪರು ಹಾಗೆಯೇ ಇದ್ದಿದ್ದರೆ ಆ ತಪಾಸಣೆಯ ದಿನ ನಮಗೆ ತೊಂದರೆಯಾಗುತ್ತಿತ್ತು.

ಇಷ್ಟಾದ ಮೇಲೆ ಹುಡ್ಡು. ಬಟ್ಟೆ ಎಷ್ಟು ದಪ್ಪವಿದೆ ಎಂದು ಎಲ್ಲರೂ ಮುಟ್ಟಿ ನೋಡುತ್ತಾರೆ, ಆದರೆ ಸೋರುವುದು ಬಟ್ಟೆಯಲ್ಲ, ಹೊಲಿಗೆ. ಸೂಜಿ ಹಾಯ್ದ ಪ್ರತಿ ತೂತೂ ನೀರಿಗೆ ದಾರಿ. ಹೊಲಿಗೆ ಎರಡು ಸಾಲಿನದಾಗಿರಬೇಕು, ಮಡಿಕೆ ನೀರು ಹರಿಯುವ ದಿಕ್ಕಿಗೆ ಬಾಗಿರಬೇಕು, ಬಿಸಿಲು ತಾಳುವ ಪಾಲಿಯೆಸ್ಟರ್ ದಾರವಿರಬೇಕು. ಸಾದಾ ಹತ್ತಿಯ ದಾರ ಕೊಳೆತು ಬಟ್ಟೆ ಗಟ್ಟಿಯಿರುವಾಗಲೇ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಹೊಸ ಹುಡ್ಡನ್ನು ಹೊಲಿದವರ ಕೈ ಚೆನ್ನಾಗಿತ್ತು, ಅಳತೆ ಮಾತ್ರ ಒಂದು ಕಡೆ ತಪ್ಪಿತ್ತು: ಗಾಜಿನ ಚೌಕಟ್ಟಿನ ಮೇಲಂಚಿನಲ್ಲಿ ಬಟ್ಟೆ ಸಡಿಲಾಗಿ, ಮೊದಲ ಮಳೆಯಲ್ಲಿ ಅಲ್ಲಿ ನೀರು ಕೊಳದಂತೆ ನಿಂತು ಚಾಲಕರ ಮೊಣಕಾಲಿನ ಮೇಲೆ ಹನಿಯಿತು. ಮತ್ತೆ ಬಿಚ್ಚಿಸಿ ಒಂದು ಬೆರಳಿನಷ್ಟು ಬಿಗಿ ಮಾಡಿಸಿದ ಮೇಲೆ ಆ ತೊಂದರೆ ಮುಗಿಯಿತು. ಹುಡ್ಡಿನ ಕಬ್ಬಿಣದ ಕಮಾನುಗಳು ನೇರವಾಗಿವೆಯೇ ಎಂದು ನೋಡದೆ ಬಟ್ಟೆಯ ಅಳತೆ ತೆಗೆಸಬೇಡಿ; ಬಾಗಿದ ಕಮಾನಿನ ಮೇಲೆ ಯಾವ ಹುಡ್ಡೂ ಬಿಗಿಯಾಗಿ ಕೂರುವುದಿಲ್ಲ.

ಪಕ್ಕದ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಗಳು ಈ ಗಾಡಿಯ ದುರ್ಬಲ ಅಂಗ. ಬಿಸಿಲಿಗೆ ಹಳದಿಯಾಗುತ್ತವೆ, ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಚಳಿಯಲ್ಲಿ ಮಡಚಿದರೆ ಸೀಳುತ್ತವೆ. ಮೊದಲು ನೀರು ಸುರಿದು ದೂಳು ಇಳಿಸಿ, ಆಮೇಲೆ ತೆಳು ಸೋಪುನೀರು ಮತ್ತು ಮೆತ್ತನೆಯ ಬಟ್ಟೆ ಬಳಸುವುದು ನಮ್ಮ ಪದ್ಧತಿ. ಗಾಜು ಒರೆಸುವ ದ್ರವವನ್ನು ಹತ್ತಿರ ತರುವುದಿಲ್ಲ. ಒದ್ದೆ ಹುಡ್ಡನ್ನು ಸುತ್ತಿಟ್ಟರೆ ಎರಡೇ ದಿನಕ್ಕೆ ಬೂಷ್ಟಿನ ವಾಸನೆ ಬರುತ್ತದೆ, ಮಕ್ಕಳು ಸೀನಲು ಶುರುಮಾಡುತ್ತಾರೆ. ಇದಕ್ಕಿಂತ ಮುಖ್ಯವಾದದ್ದು ಒಂದಿದೆ. ಹಿಂದಿನ ಪರದೆಯನ್ನಷ್ಟೇ ಎತ್ತಿ, ಉಳಿದದ್ದೆಲ್ಲ ಮುಚ್ಚಿ ಓಡಿಸಬಾರದು. ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ ರಸ್ತೆಯ ದೂಳೂ ಸೈಲೆನ್ಸರಿನ ಹೊಗೆಯೂ ತಿರುಗಿ ಒಳಕ್ಕೆ ಬರುತ್ತವೆ, ಹಿಂದೆ ಕೂತ ಮಕ್ಕಳೇ ಅದನ್ನು ಉಸಿರಾಡುವುದು. ಆ ಹೊಗೆಯಲ್ಲಿ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಎಲ್ಲ ಕಡೆ ತೆರೆಯಿರಿ, ಇಲ್ಲವೇ ಹಿಂದಿನದನ್ನು ಮುಚ್ಚಿ ಮುಂದಿನ ಗಾಜು ಇಳಿಸಿ. ಸೈಲೆನ್ಸರಿನ ಜೋಡಣೆಗಳಲ್ಲಿ ಸೋರಿಕೆ ಇಲ್ಲವೆಂದು ಪ್ರತಿ ಸರ್ವಿಸಿನಲ್ಲೂ ನೋಡಿಸಿ.

ದಿನದ ಓಡಾಟದಲ್ಲಿ ಜಿಪ್ಸಿ ನಮಗೆ ಹಿತವಾಗಿದೆ. ಸುತ್ತ ಎಲ್ಲವೂ ಕಾಣುತ್ತದೆ, ಬಾನೆಟ್ಟಿನ ಎರಡೂ ಮೂಲೆ ಕಣ್ಣಿಗೆ ಬೀಳುವುದರಿಂದ ಇಕ್ಕಟ್ಟಿನಲ್ಲಿ ನಿಲ್ಲಿಸುವುದು ಸುಲಭ, ಕೆಟ್ಟ ರಸ್ತೆಯ ಭಯವೇ ಇಲ್ಲ. ನಾನೂ ನನ್ನ ಪತಿಯೂ ಇಬ್ಬರೂ ಓಡಿಸುವುದರಿಂದ ಒಂದು ನಿಯಮ ಮಾಡಿಕೊಂಡಿದ್ದೇವೆ: ಒಣಗಿದ ಟಾರು ರಸ್ತೆಯಲ್ಲಿ ಫೋರ್ ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗೇರು, ಹಾಕುವುದಿಲ್ಲ, ಏಕೆಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದ ಈ ವ್ಯವಸ್ಥೆಯಲ್ಲಿ ತಿರುವು ತೆಗೆದುಕೊಂಡರೆ ಶಾಫ್ಟುಗಳು ಬಿಗಿದುಕೊಳ್ಳುತ್ತವೆ. ಹೆದ್ದಾರಿಯಲ್ಲಿ 80ರ ಮೇಲೆ ಹುಡ್ಡಿನ ಪಟಪಟ ಸದ್ದಿನಲ್ಲಿ ಹಿಂದಿನವರೊಡನೆ ಮಾತಾಡಲಾಗದು. ಕಮಾನುಗಳಿಗೆ ಫೋಮ್ ಪಟ್ಟಿ ಅಂಟಿಸಿದ್ದರಿಂದ ಸ್ವಲ್ಪ ತಗ್ಗಿದೆ, ಹೋಗಿಲ್ಲ. ಬಟ್ಟೆಯ ಗಾಡಿಗೆ ಬೀಗ ಹಾಕಿ ಉಪಯೋಗವಿಲ್ಲವಾದ್ದರಿಂದ ಸೀಟಿನ ಅಡಿ ನೆಲಕ್ಕೆ ಬಿಗಿದ ಉಕ್ಕಿನ ಪೆಟ್ಟಿಗೆಯನ್ನೂ ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿಗೆ ಗುಪ್ತ ಸ್ವಿಚ್ಚನ್ನೂ ಹಾಕಿಸಿದ್ದೇವೆ.

ಎಸಿ ಇಲ್ಲದೆ ಬೇಸಿಗೆ ಕಳೆಯಲಾಗದವರು, ಮನೆಯಲ್ಲಿ ಕೈಗೂಸು ಇರುವವರು, ವಾರವಾರವೂ ಹೆದ್ದಾರಿಯಲ್ಲಿ ನೂರಾರು ಕಿಲೋಮೀಟರ್ ಹೋಗುವವರು ಇದನ್ನು ಕೊಳ್ಳಬಾರದೆಂದೇ ಹೇಳುತ್ತೇನೆ. ಹತ್ತಿರದ ಓಡಾಟ ಹೆಚ್ಚಿರುವ, ತಿಂಗಳಿಗೊಮ್ಮೆ ಗಾಡಿಯ ಅಡಿಗೆ ಬಗ್ಗಿ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಗ್ರೀಸ್ ಹೊಡೆಸುವ ತಾಳ್ಮೆಯಿರುವ ನಾಲ್ವರ ಮನೆಗೆ ಇದು ಒಪ್ಪುತ್ತದೆ. ನಮ್ಮದರಲ್ಲಿ ಬಾಕಿ ಉಳಿದಿರುವುದು ಹಿಂದಿನ ಪರದೆಯ ಜಿಪ್ಪು. ದೂಳು ಸೇರಿ ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತಿದೆ, ಮಳೆ ಶುರುವಾಗುವ ಮೊದಲು ಅದನ್ನು ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ಪಿಗೆ ಬದಲಿಸಿ, ಅದರ ಮೇಲೆ ನೀರು ತಡೆಯುವ ಪಟ್ಟಿಯೊಂದನ್ನು ಹೊಲಿಸಬೇಕಾಗಿದೆ.