ಸ್ಕ್ರೂ ಕಾಣದ ಟಾರ್ಚು ಬೇಡ

ಶಿರಸಿ ಕಡೆ ಮಳೆಗಾಲಕ್ಕೊಂದು ಚಾರ್ಜಿಂಗ್ ಟಾರ್ಚು ಬೇಕೆಂದರೆ ಅಂಗಡಿಯಲ್ಲಿ ಮೂರು ಬಗೆ ಸಿಗುತ್ತವೆ. ಪಿನ್ನು ಮಡಚುವ, ಎಲ್ಲೂ ಸ್ಕ್ರೂ ಕಾಣದ ಪ್ಲಾಸ್ಟಿಕ್ಕಿನದು, ಸುಮಾರು 250 ರೂಪಾಯಿ. ಅದೇ ಆಕಾರದ, ನಾಲ್ಕು ಸ್ಕ್ರೂ ಬಿಚ್ಚಿದರೆ ತೆರೆಯುವಂಥದ್ದು, 400ರ ಆಸುಪಾಸು. 18650 ಎಂಬ, 65 ಮಿಲಿಮೀಟರ್ ಉದ್ದದ ಲಿಥಿಯಂ ಸೆಲ್ಲಿನ ಅಲ್ಯೂಮಿನಿಯಂ ಟಾರ್ಚು, ಸೆಲ್ ಸೇರಿ 900. ಮೂರನ್ನೂ ಬಳಸಿ ನೋಡಿದ ಮೇಲೆ ನನ್ನ ಮತ ಮೂರನೆಯದಕ್ಕೆ. (ಊರಲ್ಲಿ ಟಾರ್ಚಿಗೇ ಬ್ಯಾಟರಿ ಅನ್ನುವುದು ರೂಢಿ. ಇಲ್ಲಿ ಬ್ಯಾಟರಿ ಅಂದರೆ ಒಳಗಿನದು.)

ಅಗ್ಗದ ಟಾರ್ಚು ಕೆಡುವುದು ಎಲ್‌ಇಡಿ ಹೋಗಿ ಅಲ್ಲ, ಒಳಗಿನ 4 ವೋಲ್ಟಿನ ಸೀಸದ ಬ್ಯಾಟರಿ ಸತ್ತು. ಮಳೆಗಾಲವಿಡೀ ತೋಟ, ಕೊಟ್ಟಿಗೆ ಎಂದು ಓಡಾಡಿದ್ದು ದೀಪಾವಳಿ ಕಳೆದ ಮೇಲೆ ಮೊಳೆಗೆ ತೂಗಿದರೆ ಇಳಿಯುವುದು ಮುಂದಿನ ಜೂನ್‌ಗೇ. ಚಾರ್ಜ್ ಇಳಿದ ಸೀಸದ ಬ್ಯಾಟರಿಯನ್ನು ಹಾಗೆ ತಿಂಗಳುಗಟ್ಟಲೆ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಕಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ರಾತ್ರಿಯಿಡೀ ಚಾರ್ಜಿಗೆ ಇಟ್ಟರೂ ಹತ್ತು ನಿಮಿಷಕ್ಕೆ ಮಂಕು. ಮರೆತು ಎರಡು ದಿನ ಸಾಕೆಟ್ಟಿನಲ್ಲೇ ಬಿಟ್ಟರೂ ಕಷ್ಟ. ಇಂಥವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಸಾಕೆಟ್ಟಿನ ಕರೆಂಟನ್ನು ತಗ್ಗಿಸಲು ಒಂದು ಕೆಪಾಸಿಟರ್ ಮಾತ್ರ. ಅದು 1 ಮೈಕ್ರೋಫ್ಯಾರಡಿನದಾದರೆ 65–70 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ, ತುಂಬಿದ ಮೇಲೆ ನಿಲ್ಲಿಸುವವರಿಲ್ಲ. ಬ್ಯಾಟರಿ ಒಣಗಿ ಉಬ್ಬುತ್ತದೆ.

ಸತ್ತದ್ದು ಬ್ಯಾಟರಿ ಮಾತ್ರ. ಆದರೆ ಸ್ಕ್ರೂ ಇಲ್ಲದ ಟಾರ್ಚಿನಲ್ಲಿ ಅದನ್ನು ತೆಗೆಯುವುದು ಹೇಗೆ? ಬಾಡಿಯ ಎರಡು ಹೋಳುಗಳನ್ನು ಕಾರ್ಖಾನೆಯಲ್ಲೇ ಕರಗಿಸಿ ಬೆಸೆದಿರುತ್ತಾರೆ. ಆಕ್ಸಾ ಬ್ಲೇಡಿನಿಂದ ಜೋಡಣೆಯ ಗೆರೆಯುದ್ದಕ್ಕೂ ಕೊಯ್ಯಬೇಕು. ಬ್ಲೇಡು ಸ್ವಲ್ಪ ಆಳಕ್ಕೆ ಇಳಿದರೆ ಎಲ್‌ಇಡಿಯ ವಯರು ತುಂಡು, ಮೇಲೆ ಮೇಲೆ ಕೊಯ್ದು ಮೀಟಿದರೆ ಗಾಜಿನ ಹತ್ತಿರ ಬಾಡಿಯೇ ಸೀಳುತ್ತದೆ.

ತೆರೆದದ್ದನ್ನು ಮುಚ್ಚುವುದು ಇನ್ನೂ ಕಷ್ಟ. ಫೆವಿಕ್ವಿಕ್ ಹಾಕಿದರೆ ಪಾಗಾರದ ಮೇಲೆ ಒಮ್ಮೆ ಬಿದ್ದರೆ ಮತ್ತೆ ಬಾಯಿ ಬಿಡುತ್ತದೆ. ಎಂಸೀಲ್ ಬಿಡುವುದಿಲ್ಲ, ಆದರೆ ಮುಂದಿನ ಸಲ ತೆರೆಯುವ ಮಾತೂ ಇಲ್ಲ. ಇನ್ಸುಲೇಷನ್ ಟೇಪಿನ ಅಂಟು ಮಳೆನೀರಿಗೆ ಜಾರುತ್ತದೆ. ಹೆದರಬೇಕಾದ್ದು ಪಿನ್ನಿಗೆ. ಅದು ಎರಡು ಹೋಳುಗಳ ನಡುವೆ ಕೂತಿರುತ್ತದೆ. ಹೋಳು ಸರಿಯಾಗಿ ಕೂರದಿದ್ದರೆ ಪಿನ್ನು ಅಲ್ಲಾಡುತ್ತದೆ, ಸಂದಿಯಲ್ಲಿ ಬೆರಳಿಗೆ 230 ವೋಲ್ಟ್ ಸಿಗುತ್ತದೆ. ಹೀಗಾಗಿ ಎಲ್‌ಇಡಿ, ಸ್ವಿಚ್ಚು ಎಲ್ಲ ಗಟ್ಟಿಯಿದ್ದರೂ ಇಡೀ ಬಾಡಿ ಕಸಕ್ಕೆ. ಗುಜರಿಯವರು ಸೀಸವನ್ನಷ್ಟೇ ಕೇಳುತ್ತಾರೆ.

ನಾಲ್ಕು ಸ್ಕ್ರೂನದರಲ್ಲಿ ಈ ರಗಳೆ ಇಲ್ಲ. ಸಾಕೆಟ್ಟಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಬಿಚ್ಚಿ, ಅದೇ ಅಳತೆಯ 4 ವೋಲ್ಟಿನ ಬ್ಯಾಟರಿಗೆ ಕೆಂಪು, ಕಪ್ಪು ವಯರು ನೋಡಿ ಬೆಸುಗೆ ಹಾಕಿದರಾಯಿತು. ಬೇಸಿಗೆಯಲ್ಲೂ ಎರಡು ತಿಂಗಳಿಗೊಮ್ಮೆ ಚಾರ್ಜ್ ಮಾಡಲೇಬೇಕು. ಸೀಸದ ಬದಲು ಲಿಥಿಯಂ ಸೆಲ್ ತುರುಕುವ ಆಸೆ ಬೇಡ. ಲಿಥಿಯಂ ಸೆಲ್ 4.2 ವೋಲ್ಟಿಗೆ ನಿಲ್ಲಬೇಕು, ಈ ಸರ್ಕ್ಯೂಟ್ ನಿಲ್ಲಿಸುವುದಿಲ್ಲ, ಬೆಂಕಿಯೇ ಹತ್ತಬಹುದು. ಹಾಕಲೇಬೇಕಿದ್ದರೆ ಹಳೆಯ ಸರ್ಕ್ಯೂಟ್ ಪೂರ್ತಿ ಕಿತ್ತು, ಪ್ರೊಟೆಕ್ಷನ್ (ಅತಿ ಚಾರ್ಜ್, ಶಾರ್ಟ್ ತಡೆಯುವ ವ್ಯವಸ್ಥೆ) ಇರುವ ಟಿಪಿ4056 ಎಂಬ ಲಿಥಿಯಂ ಚಾರ್ಜಿಂಗ್ ಬೋರ್ಡು ಕೂರಿಸಿ 5 ವೋಲ್ಟಿನ ಫೋನ್ ಚಾರ್ಜರಿನಿಂದ ಚಾರ್ಜ್ ಮಾಡಬೇಕು.

ಅಲ್ಯೂಮಿನಿಯಮ್ಮಿನದಕ್ಕೆ ಹಿಂದಿನ ಮುಚ್ಚಳ ತಿರುಗಿಸಿದರೆ ಸೆಲ್ ಕೈಗೆ ಬರುತ್ತದೆ. ಮಳೆ ಮುಗಿದ ಮೇಲೆ ಅರ್ಧ ಚಾರ್ಜಿನಲ್ಲಿ ಹೊರತೆಗೆದು ಡಬ್ಬಿಯಲ್ಲಿಟ್ಟರೆ ಜೂನ್‌ಗೆ ಹಾಗೇ ಇರುತ್ತದೆ. ತಕರಾರು ಸೆಲ್ ಕೊಳ್ಳುವಾಗ. 9900 ಎಂಎಎಚ್ ಎಂದು ಬರೆದಿದ್ದರೆ ಮುಟ್ಟಬೇಡಿ. ಒಳ್ಳೆಯ 18650ರಲ್ಲೇ ಸಾಮಾನ್ಯವಾಗಿ 3500ರ ಆಸುಪಾಸಿಗಿಂತ ಹೆಚ್ಚು ಬರುವುದಿಲ್ಲ, ತೂಕ 45 ಗ್ರಾಂ ಹತ್ತಿರ ಇರಬೇಕು. ಪ್ರೊಟೆಕ್ಷನ್ ಇರುವ ಸೆಲ್ 65ರ ಬದಲು 69 ಮಿಲಿಮೀಟರ್‌ವರೆಗೂ ಉದ್ದ ಬರುತ್ತದೆ, ಕೆಲವು ಟಾರ್ಚುಗಳಲ್ಲಿ ಮುಚ್ಚಳ ಕೂರುವುದಿಲ್ಲ. ಟಾರ್ಚನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ.

ಕಾರವಾರದವರಿಗೆ ಇನ್ನೊಂದು ಕೆಲಸ: ಉಪ್ಪುಗಾಳಿಗೆ ಮುಚ್ಚಳದ ತಿರುಪಿನ ಗೆರೆಗಳಲ್ಲಿ ಬಿಳಿ ಪುಡಿ ಕಟ್ಟಿ ಬಿಗಿಯಾಗುತ್ತದೆ. ತಿಂಗಳಿಗೊಮ್ಮೆ ಒಣಬಟ್ಟೆಯಲ್ಲಿ ಒರೆಸಿ ಸಿಲಿಕೋನ್ ಗ್ರೀಸ್ ಸವರಬೇಕು. ಈ ಆರೈಕೆ ಆಗದು, ಕೊಟ್ಟಿಗೆಗೊಂದು ಬೆಳಕು ಸಾಕು ಅನ್ನುವವರಿಗೆ 400ರದ್ದೇ ಸರಿ. ಅಂಗಡಿಯಲ್ಲಿ ತಿರುಗಿಸಿ ನೋಡುವಾಗ ಸ್ಟಿಕ್ಕರಿನ ಅಡಿಯನ್ನೂ ಉಗುರಿನಿಂದ ಒತ್ತಿ ನೋಡಿ, ಸ್ಕ್ರೂ ಕೆಲವು ಸಲ ಅಲ್ಲಿ ಅಡಗಿರುತ್ತದೆ.