ಗುಳುಗುಳು ನಿಂತಿದೆ, ಗೇಟ್ ವಾಲ್ವ್ ಮೇಲೆ ಮಾತ್ರ ತಕರಾರಿದೆ

ಪಿವಿಸಿ ಪೈಪು, ತಿರುವಿಗೆ ಒಂದಷ್ಟು ಎಲ್ಬೋ, ನೀರಿನ ಹರಿವು ಹೊಂದಿಸಲು ಒಂದು ಗೇಟ್ ವಾಲ್ವ್, ಬೇಕಾದಾಗ ಬಿಚ್ಚಬಹುದಾದ ಜಾಯಿಂಟು ಅಂದರೆ ಒಂದು ಯೂನಿಯನ್, ಪೈಪು ಅಂಟಿಸಲು ಒಂದು ಡಬ್ಬಿ ಸಾಲ್ವೆಂಟ್. ಇಷ್ಟನ್ನು ಸೇರಿಸಿ ನನ್ನ ಅಕ್ವೇರಿಯಂನ ಓವರ್‌ಫ್ಲೋಗೆ ನಾನೇ ಮಾಡಿಕೊಂಡ ಜೋಡಣೆಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಓವರ್‌ಫ್ಲೋ ಅಂದರೆ ಟ್ಯಾಂಕಿನಲ್ಲಿ ಹೆಚ್ಚಾದ ನೀರು ಕೆಳಗಿನ ತೊಟ್ಟಿಗೆ ಇಳಿಯುವ ದಾರಿ; ಅಲ್ಲಿಂದ ಪಂಪು ಅದನ್ನು ಮತ್ತೆ ಮೇಲೆ ಕಳಿಸುತ್ತದೆ. ನನ್ನ ಈ ಜೋಡಣೆ ಆ ನೀರಿನ ಸದ್ದು ನಿಲ್ಲಿಸಲು. ಮೀನು ಸಾಕುವವರು ಇದನ್ನು ಹರ್ಬಿ ಓವರ್‌ಫ್ಲೋ ಅಂತಾರೆ. ಹಾಕಿದ ವಾರದಲ್ಲೇ ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಪಂಪು ಕೊಳೆ ಹಿಡಿಯಬೇಕು, ಬಸವನಹುಳುಗಳು ಮರಿ ಹಾಕಬೇಕು, ಕರೆಂಟು ಹೋಗಿ ಬಂದು ಮಾಡಬೇಕು. ಅಲ್ಲಿಯ ತನಕ ಇದರ ನಿಜವಾದ ಗುಣ ಗೊತ್ತಾಗುವುದಿಲ್ಲ. ಅದೆಲ್ಲ ಆದ ಮೇಲೆ ಬರೆಯುತ್ತಿದ್ದೇನೆ. ಟ್ಯಾಂಕಿನ ಅಳತೆ, ಪಂಪಿನ ಮಾದರಿ ಎಲ್ಲ ಬಿಡುತ್ತೇನೆ. ನಿಮ್ಮದು ಬೇರೆಯೇ ಇರುತ್ತದೆ.

ಸದ್ದು ಮೂರು ಕಡೆಯಿಂದ ಬರುತ್ತದೆ. ಟ್ಯಾಂಕಿನ ನೀರು ಬಾಚಣಿಗೆಯಂಥ ಹಲ್ಲುಗಳನ್ನು ದಾಟಿ ಓವರ್‌ಫ್ಲೋ ಬಾಕ್ಸಿನೊಳಗೆ, ಅಂದರೆ ಇಳಿಯುವ ನೀರು ಮೊದಲು ಸೇರುವ ಪುಟ್ಟ ಗೂಡಿನೊಳಗೆ, ಬೀಳುವ ಸದ್ದು ಒಂದು. ಬಾಕ್ಸಿನಿಂದ ಪೈಪಿನೊಳಗೆ ಇಳಿಯುವಾಗಿನ ಗುಳುಗುಳು ಎರಡನೆಯದು. ಕೆಳಗೆ ಕ್ಯಾಬಿನೆಟ್ಟಿನ ಸಂಪಿನಲ್ಲಿ, ಅಂದರೆ ಕೆಳಗಿನ ತೊಟ್ಟಿಯಲ್ಲಿ, ಗಾಳಿಗುಳ್ಳೆ ಸಮೇತ ಬಂದು ಚಿಮ್ಮುವುದು ಮೂರನೆಯದು. ಮೊದಲನೆಯದನ್ನು ಸಹಿಸಬಹುದು. ಕೆಲವರಿಗೆ ಇಷ್ಟವೂ ಆಗುತ್ತದೆ. ಎರಡನೆಯದು ತಲೆ ತಿನ್ನುತ್ತದೆ. ಅದಕ್ಕೆ ಒಂದು ಲಯವೇ ಇರುವುದಿಲ್ಲ. ಒಂದು ನಿಮಿಷ ಸುಮ್ಮನಿದ್ದು ಆಮೇಲೆ ಇದ್ದಕ್ಕಿದ್ದಂತೆ ಗೊರ್ ಅನ್ನುತ್ತದೆ. ಟ್ಯಾಂಕು ಇರುವ ಕೋಣೆಯಲ್ಲೇ ಮಲಗುವವರಿಗೆ ಇದು ಚೆನ್ನಾಗಿ ಗೊತ್ತು.

ಕಾರಣ ಸರಳ. ಪೈಪಿನ ಅಗಲಕ್ಕೆ ಹೋಲಿಸಿದರೆ ಅದರಲ್ಲಿ ಇಳಿಯುವ ನೀರು ಕಡಿಮೆ. ಹಾಗಾಗಿ ನೀರು ಪೈಪಿನ ಗೋಡೆ ಹಿಡಿದು ಇಳಿಯುತ್ತದೆ, ನಡುವೆ ಗಾಳಿ ಎಳೆದುಕೊಂಡು ಹೋಗುತ್ತದೆ. ಒಮ್ಮೊಮ್ಮೆ ಪೈಪಿನ ಬಾಯಿ ಪೂರ್ತಿ ಮುಚ್ಚಿಹೋಗಿ ಸೈಫನ್, ಅಂದರೆ ಪೈಪು ತುಂಬಿ ನೀರು ಎಳೆದುಕೊಂಡು ಇಳಿಯುವುದು, ಶುರುವಾಗುತ್ತದೆ. ಬಾಕ್ಸಿನಲ್ಲಿದ್ದ ನೀರೆಲ್ಲ ಸರ್ರನೆ ಇಳಿಯುತ್ತದೆ, ಬಾಯಿ ತೆರೆದುಕೊಳ್ಳುತ್ತದೆ, ಗಾಳಿ ನುಗ್ಗುತ್ತದೆ. ಮತ್ತೆ ಬಾಕ್ಸು ತುಂಬುವ ತನಕ ಬಿಡುವು. ಅಂದರೆ ಸದ್ದು ನೀರಿನದ್ದಲ್ಲ, ನೀರು ಮತ್ತು ಗಾಳಿ ಒಂದೇ ಪೈಪಿನಲ್ಲಿ ಜಗಳ ಆಡುವುದರದ್ದು. ಇಬ್ಬರಲ್ಲಿ ಒಬ್ಬರನ್ನು ಹೊರಗೆ ಹಾಕಿದರೆ ಮುಗಿಯಿತು.

ಮೊದಲು ನಾನು ಬಳಸಿದ್ದು ಡರ್ಸೋ ಪೈಪು. ರಿಚರ್ಡ್ ಡರ್ಸೋ ಎಂಬ ಹವ್ಯಾಸಿಯ ಹೆಸರಿನಲ್ಲೇ ಅದು ಪ್ರಸಿದ್ಧ. ನಿಂತ ಪೈಪಿನ ತಲೆಗೆ ಒಂದು ಟೀ, ಅಂದರೆ ಮೂರು ಬಾಯಿಯ ಜಾಯಿಂಟು, ಕೂರಿಸಬೇಕು. ಟೀಯ ಪಕ್ಕದ ಬಾಯಿಗೆ ಕೆಳಮುಖವಾಗಿ ಒಂದು ಎಲ್ಬೋ. ಮೇಲಿನ ಬಾಯಿಗೆ ಕ್ಯಾಪು, ಕ್ಯಾಪಿನಲ್ಲಿ ಒಂದು ಸಣ್ಣ ತೂತು. ನೀರು ಎಲ್ಬೋ ಒಳಗಿಂದ, ಮಟ್ಟಕ್ಕಿಂತ ಕೆಳಗಿನಿಂದ ಹೋಗುತ್ತದೆ. ಗಾಳಿ ತೂತಿನಿಂದ ಹೋಗುತ್ತದೆ. ಬಾಕ್ಸಿನ ನೀರಿನ ಮಟ್ಟವೂ ಮೇಲೇರುವುದರಿಂದ ಹಲ್ಲು ದಾಟಿದ ನೀರು ಬೀಳುವ ಎತ್ತರ ಕಡಿಮೆಯಾಗುತ್ತದೆ. ಟ್ಯಾಂಕಿನಲ್ಲಿ ನೀರು ಇಳಿಯಲು ಒಂದೇ ತೂತು ಇದ್ದವರಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ಟ್ಯಾಂಕಿನ ತೂತಿಗೆ ಕೂರಿಸುವ ಕೆಳಗಿನ ಟ್ಯಾಂಕ್ ನಿಪ್ಪಲ್‌ಗಿಂತ ನಿಂತ ಪೈಪು ಒಂದು ಅಳತೆ ದಪ್ಪ ಇರಲಿ, ಅಷ್ಟೇ.

ಮೊದಮೊದಲು ಅದು ಚೆನ್ನಾಗಿಯೇ ನಡೆಯಿತು. ಆದರೆ ಎಲ್ಲವೂ ಆ ಕ್ಯಾಪಿನ ತೂತಿನ ಮೇಲೆ ನಿಂತಿದೆ. ತೂತು ಸಣ್ಣದಾದರೆ ಸೈಫನ್ ಹಿಡಿದು ಬಿಟ್ಟು ಮಾಡುತ್ತದೆ. ದೊಡ್ಡದಾದರೆ ಗಾಳಿ ಜಾಸ್ತಿ ಹೋಗಿ ಬುಳುಬುಳು ಅನ್ನುತ್ತದೆ. ಸರಿಯಾದ ಅಳತೆ ಸಿಕ್ಕಿತು ಅನ್ನುವಷ್ಟರಲ್ಲಿ ತೂತಿನ ಅಂಚಿಗೆ ಪಾಚಿ ಕಟ್ಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಪೈಪಿನೊಳಗೆ ಗಾಳಿ ಇದ್ದೇ ಇರುತ್ತದಲ್ವಾ? ಹಾಗಾಗಿ ಸಂಪಿನ ಕಡೆಯ ಸದ್ದು ಪೂರ್ತಿ ಹೋಗುವುದಿಲ್ಲ. ಗುಳ್ಳೆ ಒಡೆದು ಹನಿ ಸಿಡಿದು ಕ್ಯಾಬಿನೆಟ್ಟಿನ ಒಳಬಾಗಿಲು ಯಾವಾಗಲೂ ಒದ್ದೆ ಇರುತ್ತಿತ್ತು. ಸಮುದ್ರದ ನೀರಿನ ಟ್ಯಾಂಕಾದರೆ ಆ ಜಾಗದಲ್ಲಿ ಉಪ್ಪು ಕಟ್ಟುತ್ತದೆ. ನನ್ನದು ಸಿಹಿನೀರು, ಆದರೂ ಪ್ಲೈವುಡ್ಡಿನ ಅಂಚು ಉಬ್ಬತೊಡಗಿದಾಗ ಬೇರೆ ದಾರಿ ನೋಡಲೇಬೇಕಾಯಿತು.

ಹರ್ಬಿಗೆ ಎರಡು ಪೈಪು ಬೇಕು. ಮುಖ್ಯ ಪೈಪಿನಲ್ಲಿ ಬರೀ ನೀರು. ಅದರ ಕೆಳತುದಿಯ ಹತ್ತಿರ ಗೇಟ್ ವಾಲ್ವ್ ಹಾಕಿ, ಪಂಪು ಎಷ್ಟು ನೀರು ಮೇಲೆ ಕಳಿಸುತ್ತದೋ ಅಷ್ಟೇ ಕೆಳಗೆ ಬಿಡುವ ಹಾಗೆ ಬಿಗಿ ಮಾಡಬೇಕು. ಆಗ ಬಾಕ್ಸಿನ ನೀರು ಪೈಪಿನ ಬಾಯಿಗಿಂತ ಸಾಕಷ್ಟು ಮೇಲೆ ನಿಲ್ಲುತ್ತದೆ. ಬಾಯಿ ಯಾವಾಗಲೂ ಮುಳುಗಿರುತ್ತದೆ, ಗಾಳಿಗೆ ದಾರಿಯೇ ಇರುವುದಿಲ್ಲ. ಎರಡನೆಯ ಪೈಪು ಅದಕ್ಕಿಂತ ಎತ್ತರ, ಹಲ್ಲುಗಳ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಅದಕ್ಕೆ ವಾಲ್ವ್ ಇಲ್ಲ, ಇರಲೂ ಬಾರದು. ಮುಖ್ಯ ಪೈಪು ಕಟ್ಟಿಕೊಂಡರೆ ನೆಲಕ್ಕೆ ನೀರು ಬರದಂತೆ ಕಾಯುವುದು ಅದೇ.

ಎರಡು ತೂತಿನ ಟ್ಯಾಂಕು ಅಂದರೆ ಸಾಮಾನ್ಯವಾಗಿ ಒಂದು ಇಳಿಯಲು, ಒಂದು ಪಂಪಿನ ನೀರು ಮೇಲೆ ಬರಲು. ನನ್ನದೂ ಹಾಗೆಯೇ. ಪಂಪಿನ ತೂತನ್ನು ಎರಡನೆಯ ಪೈಪಿಗೆ ಕೊಟ್ಟು, ಪಂಪಿನ ನೀರನ್ನು ಟ್ಯಾಂಕಿನ ಹಿಂಬದಿಯ ಅಂಚಿನ ಮೇಲಿಂದ ತಂದೆ. ಆ ನೀರು ತರುವ ಪೈಪಿನ ಬಾಯಿ ಟ್ಯಾಂಕಿನ ನೀರಿನ ಮೇಲ್ಮಟ್ಟಕ್ಕೆ ಹತ್ತಿರವೇ ಇರಬೇಕು. ಆಳಕ್ಕೆ ಇಟ್ಟರೆ ಕರೆಂಟು ಹೋದಾಗ ಅದೇ ಪೈಪಿನಿಂದ ನೀರು ವಾಪಸು ಸೈಫನ್ ಆಗಿ ಸಂಪು ತುಂಬಿ ಹರಿಯುತ್ತದೆ.

ಹಣ ಎಲ್ಲಿ ಹಾಕಬೇಕು ಅಂತ ಕೇಳಿದರೆ, ಗೇಟ್ ವಾಲ್ವಿಗೆ. ಉಳಿದ ಸಾಮಾನಿಗೆ ಹೆಚ್ಚೇನೂ ಬೀಳುವುದಿಲ್ಲ. ರೆಡಿಮೇಡ್ ಓವರ್‌ಫ್ಲೋ ಕೊಳ್ಳುವುದಕ್ಕಿಂತ ತುಂಬಾ ಅಗ್ಗ. ಬಾಲ್ ವಾಲ್ವ್ ಇನ್ನೂ ಅಗ್ಗ, ಆದರೆ ಅದು ಕಾಲು ಸುತ್ತಿನಲ್ಲೇ ಪೂರ್ತಿ ತೆರೆದು ಮುಚ್ಚುತ್ತದೆ. ಕೂದಲೆಳೆಯಷ್ಟು ಹೊಂದಿಸಲು ಅದರಲ್ಲಿ ಆಗುವುದಿಲ್ಲ. ಗೇಟ್ ವಾಲ್ವ್ ಹಲವು ಸುತ್ತು ತಿರುಗುತ್ತದೆ, ಹಾಗಾಗಿ ನೀರನ್ನು ಚೂರುಚೂರೇ ಬಿಡಬಹುದು. ಒಂದು ಮಾತು ಒತ್ತಿ ಹೇಳುತ್ತೇನೆ: ಹಿತ್ತಾಳೆಯ ವಾಲ್ವ್ ತರಬೇಡಿ. ಕೊಳಾಯಿ ಕೆಲಸಕ್ಕೆ ಎಲ್ಲ ಕಡೆ ಸಿಗುವುದು ಅದೇ. ಹಿತ್ತಾಳೆಯಲ್ಲಿರುವುದು ತಾಮ್ರ, ಮತ್ತು ತಾಮ್ರ ಸಿಗಡಿಗೆ, ಬಸವನಹುಳುವಿಗೆ, ಹವಳಕ್ಕೆ ವಿಷ. ಹುಡುಕಬೇಕಾದರೂ ಪ್ಲಾಸ್ಟಿಕ್ಕಿನದ್ದೇ ಹಾಕಿ.

ಕಟ್ಟುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹ್ಯಾಕ್ಸಾದಲ್ಲಿ ಕೊಯ್ದ ಅಂಚನ್ನು ಉಜ್ಜಿ ನಯ ಮಾಡಿ. ತಿರುವು ಬೇಕಾದ ಕಡೆ ಒಂದು 90 ಡಿಗ್ರಿ ಎಲ್ಬೋ ಬದಲು ಎರಡು 45 ಡಿಗ್ರಿಯವು ಹಾಕಿ, ನೀರು ಡಿಕ್ಕಿ ಹೊಡೆಯದೆ ಜಾರುತ್ತದೆ. ಬಾಕ್ಸಿನೊಳಗೆ ನಿಲ್ಲುವ ಪೈಪುಗಳಿಗೆ ಸಾಲ್ವೆಂಟ್ ಹಚ್ಚಬೇಡಿ. ಒತ್ತಿ ಕೂರಿಸಿದರೆ ಸಾಕು, ತೊಳೆಯಲು ಕಿತ್ತು ತೆಗೆಯಬಹುದು. ಟ್ಯಾಂಕಿನ ಕೆಳಗಿನ ಜಾಯಿಂಟುಗಳಿಗೆ ಮಾತ್ರ ಸಾಲ್ವೆಂಟ್. ಅದು ಒಂದು ದಿನ ಒಣಗಲಿ, ಆಮೇಲೆ ಪೈಪನ್ನು ತೊಳೆದು ಬಳಸಿ.

ಇನ್ನು ಹೊಂದಿಸುವುದು. ಇಡೀ ಕೆಲಸದಲ್ಲಿ ನನಗೆ ತುಂಬಾ ಹಿಡಿಸಿದ್ದು ಇದೇ. ವಾಲ್ವ್ ಪೂರ್ತಿ ತೆರೆದಿಟ್ಟು ಪಂಪು ಹಾಕುತ್ತೇನೆ. ಪೈಪಿನಲ್ಲಿದ್ದ ಗಾಳಿ ದೊಡ್ಡ ಗುಳ್ಳೆಗಳಾಗಿ ಸಂಪಿಗೆ ಬರುತ್ತದೆ. ಪೈಪಿನ ಕೆಳತುದಿ ಸಂಪಿನ ನೀರಿನಲ್ಲಿ ಒಂದು ಇಂಚಿನಷ್ಟು ಮುಳುಗಿದ್ದರೆ ಸಾಕು. ಜಾಸ್ತಿ ಮುಳುಗಿದರೆ ಗಾಳಿ ಹೊರಬೀಳಲು ಒದ್ದಾಡುತ್ತದೆ, ಸೈಫನ್ ಬೇಗ ಹಿಡಿಯುವುದಿಲ್ಲ. ಗುಳ್ಳೆ ನಿಂತ ಮೇಲೆ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಬರುತ್ತೇನೆ. ಬಾಕ್ಸಿನ ನೀರು ಏರತೊಡಗುತ್ತದೆ. ಒಮ್ಮೆ ತಿರುಗಿಸಿದರೆ ಮಟ್ಟ ಒಂದು ಕಡೆ ನಿಲ್ಲುವ ತನಕ ಮತ್ತೆ ಮುಟ್ಟಬಾರದು. ಅದಕ್ಕೆ ಹಲವು ನಿಮಿಷ ಹಿಡಿಯುತ್ತದೆ. ಕೊನೆಯ ತಿರುವುಗಳು ಹಿಡಿಯನ್ನು ಬೆರಳಲ್ಲಿ ಮುಟ್ಟಿದ ಹಾಗಷ್ಟೇ. ಮಟ್ಟ ಎರಡನೆಯ ಪೈಪಿನ ಬಾಯಿಗೆ ತಾಗಿ, ಅದರ ಒಳಗೋಡೆ ಹಿಡಿದು ನೀರಿನ ಒಂದು ತೆಳು ಪದರ ಸದ್ದಿಲ್ಲದೆ ಇಳಿಯುವ ಕಡೆ ನಿಲ್ಲಿಸುತ್ತೇನೆ. ಆ ಚೂರು ಹೆಚ್ಚುವರಿ ನೀರು ಎರಡನೆಯ ಪೈಪಿನಲ್ಲಿ ಹೋಗುತ್ತಿದ್ದರೆ ಮಟ್ಟ ಅತ್ತಿತ್ತ ಓಲಾಡುವುದಿಲ್ಲ.

ಆಮೇಲೆ ಕ್ಯಾಬಿನೆಟ್ ಬಾಗಿಲು ತೆರೆದು ನೋಡಿದರೆ, ಸಂಪಿನಲ್ಲಿ ಪೈಪಿನ ತುದಿಯಿಂದ ಅಷ್ಟು ನೀರು ಬರುತ್ತಿದೆ ಅಂತ ನಂಬಲಿಕ್ಕೇ ಆಗಲಿಲ್ಲ. ಒಂದೇ ಒಂದು ಗುಳ್ಳೆ ಇಲ್ಲ. ನೀರಿನ ಮೇಲೆ ಸಣ್ಣಗೆ ಉಬ್ಬಿದಂತೆ ಕಾಣುತ್ತದೆ, ಅಷ್ಟೇ. ಬಾಗಿಲಿನ ಒಳಮೈ ಒಣಗಿ ಇರುತ್ತದೆ. ಸದ್ದು ಹೋಗುತ್ತದೆ ಅಂತ ಗೊತ್ತಿತ್ತು, ಈ ಒಣ ಬಾಗಿಲು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ಇಲ್ಲಿಗೆ ಮುಗಿಸಿದ್ದರೆ ಐದಕ್ಕೆ ಐದು ಕೊಡಬಹುದಿತ್ತು. ಆದರೆ ನೀರು ಸುಮ್ಮನಾದ ಮೇಲೆ ಪಂಪು ಕೇಳಿಸತೊಡಗಿತು. ಮೊದಲು ಗುಳುಗುಳುವಿನ ಅಡಿಯಲ್ಲಿ ಮುಚ್ಚಿಹೋಗಿದ್ದ ಗುಂಯ್‌ಗುಡುವ ಸದ್ದು ಈಗ ಕೋಣೆಯಲ್ಲಿ ಸ್ಪಷ್ಟ. ಪಂಪಿನ ಅಡಿಗೆ ದಪ್ಪ ಸ್ಪಂಜು ಇಟ್ಟೆ. ಗಟ್ಟಿ ಪೈಪು ಶುರುವಾಗುವ ಮೊದಲು ಒಂದು ತುಂಡು ಮೆತ್ತನೆಯ ಹೋಸ್ ಸೇರಿಸಿದೆ, ಪಂಪಿನ ಅದುರುವಿಕೆ ಪೈಪಿಗೆ ದಾಟದಿರಲಿ ಅಂತ. ಪೈಪು ಎಲ್ಲೂ ಕ್ಯಾಬಿನೆಟ್ಟಿನ ಮರಕ್ಕೆ ತಾಗದಂತೆ ನೋಡಿಕೊಂಡೆ. ಬಹಳಷ್ಟು ಇಳಿಯಿತು, ಪೂರ್ತಿ ಹೋಗಿಲ್ಲ. ಇದು ಓವರ್‌ಫ್ಲೋದ ತಪ್ಪಲ್ಲ ನಿಜ, ಆದರೆ ಹಾಕುವವರಿಗೆ ಮೊದಲೇ ತಿಳಿದಿರಲಿ.

ನಿಜವಾದ ತಕರಾರು ವಾಲ್ವ್ ಬಗ್ಗೆ. ಒಮ್ಮೆ ಹೊಂದಿಸಿದರೆ ಮತ್ತೆ ಮುಟ್ಟಬೇಕಿಲ್ಲ ಅಂತ ಹೇಳುವವರ ಮಾತು ನನ್ನ ಟ್ಯಾಂಕಿನ ಮಟ್ಟಿಗೆ ಸುಳ್ಳು. ಗೇಟಿನ ಕಿರಿದಾದ ಸಂದಿಯಲ್ಲಿ ಲೋಳೆ ಕಟ್ಟುತ್ತದೆ. ಎಲೆಯ ಚೂರು ಸಿಕ್ಕಿಕೊಳ್ಳುತ್ತದೆ. ಮರಿ ಬಸವನಹುಳು ಹಲ್ಲು ದಾಟಿ ಬಾಕ್ಸಿಗೆ ಇಳಿದು, ಪೈಪಿನಲ್ಲಿ ಜಾರಿ, ವಾಲ್ವಿನಲ್ಲೇ ನಿಲ್ಲುತ್ತದೆ. ಆಗ ಇಳಿಯುವ ನೀರು ಕಡಿಮೆಯಾಗಿ ಬಾಕ್ಸಿನ ಮಟ್ಟ ಏರುತ್ತದೆ. ಇದಕ್ಕೆ ಉಲ್ಟಾನೂ ಆಗುತ್ತದೆ. ಪಂಪು ಕೊಳೆ ಹಿಡಿದು ನಿಧಾನವಾದರೆ ವಾಲ್ವ್ ಬಿಡುವ ನೀರೇ ಜಾಸ್ತಿಯಾಗಿ, ಮಟ್ಟ ಇಳಿದು, ಪೈಪಿನ ಬಾಯಿ ಮತ್ತೆ ಗಾಳಿ ಕುಡಿಯುತ್ತದೆ.

ಇದರ ಮೇಲೆ ನನಗೆ ಸಿಟ್ಟಿತ್ತು. ಈಗ ಇಲ್ಲ, ಯಾಕೆಂದರೆ ಎರಡೂ ತೊಂದರೆ ಬೇರೆ ಬೇರೆ ಸದ್ದು ಮಾಡುತ್ತವೆ. ಎರಡನೆಯ ಪೈಪಿನ ಕೆಳತುದಿಯನ್ನು ನಾನು ಬೇಕೆಂದೇ ಸಂಪಿನ ನೀರಿಗಿಂತ ಮೇಲೆ ಇಟ್ಟಿದ್ದೇನೆ. ಅದರಲ್ಲಿ ನೀರು ಜಾಸ್ತಿ ಬಂದರೆ ಧಾರೆ ಬೀಳುವ ಸದ್ದು ಪಕ್ಕದ ಕೋಣೆಗೂ ಕೇಳುತ್ತದೆ. ಧಾರೆ ಕೇಳಿದರೆ ವಾಲ್ವ್ ಕಟ್ಟಿದೆ ಅಂತ. ಹೀರುವ ಸದ್ದು ಕೇಳಿದರೆ ಪಂಪು ತೊಳೆಯುವ ಹೊತ್ತು ಬಂದಿದೆ ಅಂತ. ಹಿಂದೆ ಗಲಾಟೆಯಲ್ಲಿ ಯಾವ ಸದ್ದಿಗೂ ಅರ್ಥ ಇರಲಿಲ್ಲ. ಈಗ ಟ್ಯಾಂಕು ಸದ್ದು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ದಿನಚರಿಯೂ ಹಾಗೇ ಬದಲಾಗಿದೆ. ಬೆಳಗ್ಗೆ ಮೀನಿಗೆ ತಿಂಡಿ ಹಾಕುವಾಗ ಬಾಕ್ಸಿನೊಳಗೆ ಇಣುಕುತ್ತೇನೆ. ಒಳಗೋಡೆಗೆ ಅಂಟಿಸಿದ ಟೇಪಿನ ಗುರುತಿನ ಹತ್ತಿರ ಮಟ್ಟ ಇದ್ದರೆ ಮುಗಿಯಿತು. ನೀರು ಬದಲಿಸುವ ದಿನ ಹಳೆಯ ಟೂತ್‌ಬ್ರಷ್‌ನಲ್ಲಿ ಹಲ್ಲುಗಳ ಪಾಚಿ ಉಜ್ಜುತ್ತೇನೆ, ಪೈಪಿನ ಬಾಯಿಯ ಜಾಲರಿ ಬಿಚ್ಚಿ ತೊಳೆಯುತ್ತೇನೆ. ಆಮೇಲೆ ವಾಲ್ವನ್ನು ಪೂರ್ತಿ ತೆರೆದು ಕೆಲವು ಕ್ಷಣ ಬಿಡುತ್ತೇನೆ. ಸಿಕ್ಕಿಕೊಂಡಿದ್ದೆಲ್ಲ ಒಮ್ಮೆಗೇ ಸಂಪಿಗೆ ಕೊಚ್ಚಿಕೊಂಡು ಬರುತ್ತದೆ. ಬಸವನಹುಳು ಬಂದರೆ ಎತ್ತಿ ಮೇಲೆ ಬಿಡುತ್ತೇನೆ. ವಾಲ್ವಿನ ಹಿಡಿಯ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ, ತೆರೆಯುವಾಗ ಸುತ್ತು ಎಣಿಸಿಕೊಂಡರೆ ವಾಪಸು ಅದೇ ಜಾಗಕ್ಕೆ ಬೇಗ ಬರಬಹುದು.

ಕರೆಂಟಿನ ವಿಷಯ. ಪಂಪು ನಿಂತರೆ ಟ್ಯಾಂಕಿನ ನೀರು ಹಲ್ಲುಗಳ ಮಟ್ಟದ ತನಕ ಇಳಿಯುತ್ತದೆ, ಬಾಕ್ಸಿನಲ್ಲಿರುವುದು ಪೈಪಿನ ಬಾಯಿಯ ತನಕ ಇಳಿಯುತ್ತದೆ. ಇಷ್ಟನ್ನೂ ಹಿಡಿಯುವ ಜಾಗ ಸಂಪಿನಲ್ಲಿ ಖಾಲಿ ಇರಲೇಬೇಕು. ಹೊಸದಾಗಿ ಜೋಡಿಸಿದವರು ನೀವೇ ಸ್ವಿಚ್ ಆಫ್ ಮಾಡಿ ಎದುರಿಗೆ ಕೂತು ನೋಡಿ. ಆಮೇಲೆ ಪಂಪು ನಡೆಯುವಾಗ ಮುಖ್ಯ ವಾಲ್ವ್ ಪೂರ್ತಿ ಮುಚ್ಚಿ, ಎರಡನೆಯ ಪೈಪು ಒಂದೇ ಅಷ್ಟೂ ನೀರು ಇಳಿಸುತ್ತದೆಯೇ ಅಂತಲೂ ನೋಡಿ. ಕರೆಂಟು ವಾಪಸು ಬಂದಾಗ ಗಾಳಿ ಹೊರಬೀಳುವ ತನಕ ಸ್ವಲ್ಪ ಹೊತ್ತು ಗದ್ದಲ ಇರುತ್ತದೆ, ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ಮಧ್ಯರಾತ್ರಿ ಹಾಗಾದರೆ ನನಗೆ ಎಚ್ಚರ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಮೂರು ತೂತು ಕೊರೆಸಲು ಸಾಧ್ಯ ಇರುವವರು ಬೀನ್‌ಆನಿಮಲ್ ಜೋಡಣೆ ನೋಡಿ. ಅದರಲ್ಲಿ ಸೈಫನ್ ಪೈಪು ಮತ್ತು ತುರ್ತು ಪೈಪಿನ ಜೊತೆ, ಹೆಚ್ಚುವರಿ ನೀರನ್ನು ಹೊರಲು ಗಾಳಿ ಆಡುವ ಇನ್ನೊಂದು ಪೈಪು ಇರುತ್ತದೆ. ಪಂಪಿನ ಸಣ್ಣಪುಟ್ಟ ಏರಿಳಿತವನ್ನು ಅದೇ ನುಂಗಿಕೊಳ್ಳುವುದರಿಂದ ವಾಲ್ವನ್ನು ನನ್ನಷ್ಟು ಮುಟ್ಟಬೇಕಾಗುವುದಿಲ್ಲ. ಒಂದೇ ತೂತು ಇರುವವರು ಡರ್ಸೋದಲ್ಲೇ ಇರಿ. ತುರ್ತು ದಾರಿ ಇಲ್ಲದೆ ಒಂದೇ ಪೈಪಿಗೆ ವಾಲ್ವ್ ಬಿಗಿದು ಸೈಫನ್ ಮಾಡಲು ಹೋಗಬೇಡಿ. ಒಂದು ಬಸವನಹುಳು ಸಾಕು ಮನೆಯೆಲ್ಲ ನೀರಾಗಲು. ವಾರಗಟ್ಟಲೆ ಮನೆ ಬಿಟ್ಟು ಹೋಗುವವರಿಗೂ ಹರ್ಬಿ ಬೇಡ ಅನ್ನುತ್ತೇನೆ, ವಾಲ್ವ್ ನೋಡಿಕೊಳ್ಳುವವರು ಮನೆಯಲ್ಲಿ ಇಲ್ಲದಿದ್ದರೆ.

ನನ್ನ ಅಂಕ ಐದಕ್ಕೆ ನಾಲ್ಕು. ಕಳೆದ ಒಂದು ಅಂಕ ವಾಲ್ವಿನದ್ದು. ನನ್ನ ಜೋಡಣೆಯಲ್ಲಿ ಯೂನಿಯನ್ ಇರುವುದು ವಾಲ್ವಿನ ಮೇಲ್ಗಡೆ ಮಾತ್ರ. ಕೆಳಗಡೆಗೂ ಒಂದು ಸೇರಿಸಿ ವಾಲ್ವನ್ನೇ ಪೂರ್ತಿ ಬಿಚ್ಚಿ ತೊಳೆಯುವ ಹಾಗೆ ಮಾಡಬೇಕೆಂದಿದ್ದೇನೆ. ನೀವು ಹೊಸದಾಗಿ ಮಾಡುತ್ತಿದ್ದರೆ ಮೊದಲ ದಿನವೇ ಎರಡೂ ಕಡೆ ಹಾಕಿಬಿಡಿ.