ಬ್ಯಾಕಪ್ ಆಗ್ತಿದೆ ಅಂದ್ಕೊಂಡು ಮೂರು ತಿಂಗಳು ಸುಮ್ನೆ ಕೂತಿದ್ದೆ

ಮಂಡ್ಯದ ಒಂದು ಬೆಲ್ಲದ ಮಂಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕಂಪ್ಯೂಟರ್ ಸ್ವಲ್ಪ ಗೊತ್ತು ಅನ್ನೋ ತಪ್ಪಿಗೆ ಸರ್ವರ್ ಕೂಡ ನನ್ನ ತಲೆಗೇ ಬಂತು. ಆಲೆಮನೆಯವರ ಪಟ್ಟಿ (ಅಂದರೆ ಬಿಲ್ಲು), ಮುಂಗಡ, ಬಾಕಿ ಎಲ್ಲ ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರ್‌ನಲ್ಲಿದೆ. ದಿನಾ ರಾತ್ರಿ ಹನ್ನೊಂದೂವರೆಗೆ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್ (ಹೊತ್ತಿಗೆ ಸರಿಯಾಗಿ ಕೆಲಸ ಶುರುಮಾಡೋದು) ಒಂದು ಬ್ಯಾಚ್ ಫೈಲ್, ಅಂದರೆ ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲ್, ಓಡಿಸುತ್ತದೆ. ಅದು ವಿಂಡೋಸ್‌ನದೇ ಕಾಪಿ ಕಮಾಂಡ್ ಆದ ರೋಬೋಕಾಪಿಯಿಂದ ಡೇಟಾವನ್ನೆಲ್ಲ ಒಳಕೋಣೆಯ ನ್ಯಾಸ್‌ಗೆ, ಅಂದರೆ ನೆಟ್‌ವರ್ಕ್‌ಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಗೆ, ಕಾಪಿ ಮಾಡಬೇಕು.

ಕಳೆದ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು, ಹೋಗಿ ಬಂದು, ಸರ್ವರ್ ಡಿಸ್ಕ್ ಕೈಕೊಟ್ಟಿತು. "ಯೋಚನೆ ಮಾಡ್ಬೇಡಿ, ನಿನ್ನೆ ರಾತ್ರೀದು ಇದೆ" ಅಂತ ಯಜಮಾನರಿಗೆ ಟೀ ಕುಡಿಯುತ್ತಲೇ ಹೇಳಿದೆ. ನ್ಯಾಸ್ ತೆರೆದರೆ ಕೊನೆಯ ಫೈಲ್ ಮೂರು ತಿಂಗಳು ಹಳೆಯದು. ಟೀ ಅಲ್ಲೇ ಆರಿತು.

ಆಗಿದ್ದಿಷ್ಟು. ಕೆಲಸ ಬಿಟ್ಟ ಹುಡುಗನಿಗೆ ನ್ಯಾಸ್ ಪಾಸ್‌ವರ್ಡ್ ಗೊತ್ತಿತ್ತು ಅಂತ ಬದಲಾಯಿಸಿದೆ. ಅದು ಸರಿಯೇ. ಆದರೆ ಹಳೆಯದನ್ನು ಬ್ಯಾಚ್ ಫೈಲ್ ಒಳಗೂ ಬರೆದಿದ್ದೆ, ಮರೆತೇ ಹೋಗಿತ್ತು. ಅವತ್ತಿನಿಂದ ದಿನಾ ರಾತ್ರಿ 1326 ಎರರ್. ಹೆಸರೋ ಪಾಸ್‌ವರ್ಡೋ ತಪ್ಪು ಅಂತ ಅರ್ಥ.

ಹಾಗಾದರೆ ಶೆಡ್ಯೂಲರ್ ಯಾಕೆ ಹೇಳಲಿಲ್ಲ? ಅದರ ಬಾಯಿ ಮುಚ್ಚಿಸಿದ್ದು ನಾನೇ. ಕಮಾಂಡ್ ಮುಗಿದಾಗ ಕೆಲಸ ಹೇಗಾಯಿತು ಅಂತ ಒಂದು ಸಂಖ್ಯೆ ಕೊಡುತ್ತದೆ, ಸಾಮಾನ್ಯವಾಗಿ 0 ಅಂದರೆ ಎಲ್ಲ ಸರಿ. ಆದರೆ ರೋಬೋಕಾಪಿ ಎಲ್ಲವನ್ನೂ ಸರಿಯಾಗಿ ಕಾಪಿ ಮಾಡಿದರೂ 1 ಕೊಡುತ್ತದೆ. 0 ಅಂದರೆ ಕಾಪಿ ಮಾಡೋಕೆ ಹೊಸದೇನೂ ಇರಲಿಲ್ಲ ಅಂತ. 8 ಅಥವಾ ಜಾಸ್ತಿ ಬಂದರೆ ಮಾತ್ರ ಕಾಪಿ ಕೆಟ್ಟಿದೆ. ಇದು ಗೊತ್ತಿಲ್ಲದೆ, ದಿನಾ 1 ನೋಡಿ ಕಿರಿಕಿರಿಯಾಗಿ, ಫೈಲಿನ ಕೊನೆಗೆ ‘ಎಕ್ಸಿಟ್ 0’ ಅಂತ ಒಂದು ಸಾಲು ಸೇರಿಸಿದ್ದೆ. ಒಳಗೆ 16 ಬಂದರೂ ಹೊರಗೆ 0. ರಾತ್ರಿ ಏನೇನಾಯಿತು ಅಂತ ಬರೆದಿಡುವ ಲಾಗ್ ಫೈಲ್ ನೂರಾರು ಕೆಬಿಯಿಂದ ಒಂದೇ ಕೆಬಿಗೆ ಇಳಿದಿತ್ತು. ತೆರೆದು ನೋಡಿದವರು ಯಾರು?

ಸರಿಪಡಿಸೋದೂ ಸಲೀಸಾಗಲಿಲ್ಲ. ಹೊಸ ಪಾಸ್‌ವರ್ಡ್ ಫೈಲಿಗೆ ಹಾಕಿದೆ, ಮತ್ತೆ 1326. ಅದನ್ನೇ ಕಮಾಂಡ್ ವಿಂಡೋದಲ್ಲಿ ಕೈಯಾರೆ ಟೈಪ್ ಮಾಡಿದರೆ ತಕ್ಷಣ ಕನೆಕ್ಟ್! ಅರ್ಧ ದಿನ ಹೋಯಿತು. ನನ್ನ ಪಾಸ್‌ವರ್ಡ್‌ನಲ್ಲಿ %2 ಅಂತ ಬರುತ್ತಿತ್ತು. ಬ್ಯಾಚ್ ಫೈಲ್ ಅದನ್ನು ‘ಎರಡನೇ ಆರ್ಗ್ಯುಮೆಂಟ್’ ಅಂತ, ಅಂದರೆ ಫೈಲ್ ಓಡಿಸುವಾಗ ಜೊತೆಗೆ ಕೊಡುವ ಎರಡನೇ ಪದ ಅಂತ ಓದಿ, ಅಲ್ಲಿ ಏನೂ ಇಲ್ಲ ಅಂತ ನುಂಗಿಬಿಡುತ್ತದೆ. % ಬದಲು %% ಅಂತ ಬರೆದ ಮೇಲೆ ಒಳಗೆ ಬಿಟ್ಟಿತು.

ಆಮೇಲೆ ಫೈಲಿನಲ್ಲಿ ಪಾಸ್‌ವರ್ಡ್ ಇಡೋದೇ ಬೇಡ ಅಂತ, ಪಾಸ್‌ವರ್ಡ್‌ಗಳನ್ನು ಉಳಿಸಿಡುವ ವಿಂಡೋಸ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ಗೆ ಹಾಕಿದೆ. ರಾತ್ರಿ ಮತ್ತೆ ಫೇಲ್. ನಾನು ಉಳಿಸಿದ್ದು ನನ್ನ ಲಾಗಿನ್‌ನಲ್ಲಿ, ಟಾಸ್ಕ್ ಓಡೋದು ಬೇರೆ ಅಕೌಂಟಿನಲ್ಲಿ. ಒಬ್ಬರ ಜೇಬಿನ ಕೀ ಇನ್ನೊಬ್ಬರಿಗೆ ಸಿಗಲ್ಲ, ಅಲ್ವಾ? ಆ ಅಕೌಂಟಿಗೇ ಲಾಗಿನ್ ಆಗಿ ಉಳಿಸಬೇಕು. ನ್ಯಾಸ್‌ಗೆ ಅಂತ ಜೋಡಿಸಿಕೊಂಡು ನಿಮ್ಮ ಪರದೆಯಲ್ಲಿ ಕಾಣುವ ಜೆಡ್ ಡ್ರೈವ್ ಕೂಡ ಟಾಸ್ಕ್‌ಗೆ ಕಾಣಿಸಲ್ಲ, ನೆಟ್‌ವರ್ಕ್ ದಾರಿಯನ್ನು ಪೂರ್ತಿ ಬರೆಯಿರಿ. ಟಾಸ್ಕ್‌ನಲ್ಲಿ ‘ಪಾಸ್‌ವರ್ಡ್ ಉಳಿಸಬೇಡ’ ಅನ್ನೋ ಟಿಕ್ ಇದ್ದರೆ ನೆಟ್‌ವರ್ಕ್ ಬಾಗಿಲೇ ತೆರೆಯಲ್ಲ.

ಮೂರು ತಿಂಗಳ ಪಟ್ಟಿಗಳನ್ನು ಕಾರ್ಬನ್ ಕಾಪಿ ನೋಡಿ ಮತ್ತೆ ಹೊಡೆದೆವು. ನೀಲಿ ಮಸಿ ಅಳಿಸಿ 3 ಯಾವುದು 8 ಯಾವುದು ತಿಳಿಯದೆ, ಆಲೆಮನೆಯವರಿಗೆ ಫೋನ್ ಮಾಡಿ ಕೇಳಬೇಕಾಯಿತು. ಒಬ್ಬರಂತೂ ಎಲ್ಲ ಪಟ್ಟಿಗಳನ್ನೂ ಬಿಸ್ಕತ್ತು ಡಬ್ಬಿಯಲ್ಲಿ ಜೋಪಾನವಾಗಿಟ್ಟು, ಡಬ್ಬಿ ಸಮೇತ ಮಂಡಿಗೆ ತಂದರು.

ನಿಮ್ಮ ಬ್ಯಾಚ್ ಫೈಲಿನ ಕೊನೆಯಲ್ಲೂ ಆ ‘ಎಕ್ಸಿಟ್ 0’ ಇದ್ದರೆ ಇವತ್ತೇ ತೆಗೆದು, 8ಕ್ಕಿಂತ ಕಡಿಮೆ ಬಂದರೆ ಮಾತ್ರ 0 ಅಂತ ಮಾಡಿ. ನಾನೀಗ ಪ್ರತಿ ಶನಿವಾರ ನ್ಯಾಸ್‌ನಲ್ಲಿರುವ ಕಾಪಿಯನ್ನು ಇನ್ನೊಂದು ಕಂಪ್ಯೂಟರಿಗೆ ತಂದು, ಟ್ಯಾಲಿಯಲ್ಲಿ ತೆರೆದು, ಶುಕ್ರವಾರದ ಕೊನೆಯ ಪಟ್ಟಿ ಇದೆಯಾ ಅಂತ ನೋಡಿಯೇ ಮನೆಗೆ ಹೋಗುತ್ತೇನೆ.